ಹೊರಊರಿನವರಿಗೆ ಎವೆಲಿಯೊ ಬರೆದ ಸೂಚನೆ

ಎವೆಲಿಯೊ ಮೆರಾಯೊ ತನ್ನ ಜೀವಮಾನದಲ್ಲಿ ಬರೆದದ್ದು ಒಂದೇ ಒಂದು ಹಾಳೆ. ಅದನ್ನು ನಮ್ಮೂರಿನವರು ಯಾರೂ ಓದಲಿಲ್ಲ. ಓದುವ ಅಗತ್ಯವಾದರೂ ಏನಿತ್ತು? ಕಾಸ್ತ್ರೊಮೋರಾದ ಫುಟ್‌ಬಾಲ್ ಮೈದಾನಕ್ಕೆ ಹೋಗುವ ದಾರಿಯನ್ನು ಕಾಸ್ತ್ರೊಮೋರಾದವರಿಗೆ ಯಾರು ಹೇಳಿಕೊಡಬೇಕು? ಅದು ಎದುರು ತಂಡದ ಹಿಂದೆ ಬಸ್ಸು ಹತ್ತಿ ಬರುವ ಅಭಿಮಾನಿಗಳಿಗಾಗಿ ಬರೆದದ್ದು. ಪಂದ್ಯಕ್ಕೆ ಒಂದು ವಾರ ಮೊದಲೇ ಐವತ್ತು ಪ್ರತಿಗಳ ಕಟ್ಟು ಅವರ ಅಭಿಮಾನಿ ಸಂಘಕ್ಕೆ ಅಂಚೆಯಲ್ಲಿ ಹೋಗುತ್ತಿತ್ತು. ಬಸ್ಸು ಅವರ ಊರು ಬಿಟ್ಟ ಕೂಡಲೇ ಸೀಟು ಸೀಟಿಗೂ ಹಂಚುತ್ತಿದ್ದರು.

ಹಾಳೆಯಲ್ಲಿ ಎಲ್ಲವೂ ಇತ್ತು. ಬಸ್ಸನ್ನು ಕೆಳಗಿನ ಚೌಕದಲ್ಲೇ ನಿಲ್ಲಿಸಿ; ಚರ್ಚಿನ ಮುಂದೆ ನಿಲ್ಲಿಸಿದರೆ ಪಾದ್ರಿಯ ಬೈಗುಳಕ್ಕೆ ನಾವು ಹೊಣೆಯಲ್ಲ. ಊಟ ಚೆಲೊಳ ಅಂಗಡಿಯಲ್ಲಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೇಳಿಬಿಡಿ, ಆಮೇಲೆ ಅವಳ ಕೈಯೂ ಓಡುವುದಿಲ್ಲ, ಬಾಯಿ ಮಾತ್ರ ಓಡುತ್ತದೆ. ಗ್ಯಾಲರಿಯ ಬಲಗಡೆ ಕೂರಿ, ಎಡಗಡೆ ಪಾರಿವಾಳಗಳ ಕಾಟ. ನವೆಂಬರಿನಲ್ಲಿ ಬರುವವರು ಹಳೆಯ ಪತ್ರಿಕೆ ತನ್ನಿ. ಓದಲಿಕ್ಕಲ್ಲ, ಕೂರಲಿಕ್ಕೆ, ಇಲ್ಲದಿದ್ದರೆ ಸಿಮೆಂಟಿನ ಚಳಿ ಸೊಂಟಕ್ಕೇರುತ್ತದೆ. ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಮುಂದಿನವರ ತಲೆಯ ಮೇಲೆ ಉಗುಳಬೇಡಿ. ರೆಫರಿಯ ತಾಯಿಯನ್ನು ಬೈಯುವುದು ಮನೆಯವರ ಹಕ್ಕು, ಅತಿಥಿಗಳು ದಯವಿಟ್ಟು ಸುಮ್ಮನಿರಬೇಕು.

ಇಷ್ಟು ಕಾಳಜಿ ಅವನಿಗೆ ಎಲ್ಲಿಂದ ಬಂತೆಂದರೆ, ಕೆಲಸದಿಂದ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವನು ದೀಪದ ಕೋಣೆಯ ಗುಮಾಸ್ತ. ಬೆಳಗ್ಗೆ ಪ್ರತಿಯೊಬ್ಬನ ಕೈಗೂ ದೀಪ ಕೊಡುವುದು, ಸಂಜೆ ಎಲ್ಲ ದೀಪಗಳೂ ವಾಪಸು ಬಂದವೇ ಎಂದು ನೋಡುವುದು. ದೀಪ ತೂಗುಹಾಕುವ ಒಂದು ಮೊಳೆ ಖಾಲಿ ಉಳಿದಿದ್ದರೆ ಒಬ್ಬ ಇನ್ನೂ ಭೂಮಿಯೊಳಗಿದ್ದಾನೆ ಎಂದು ಅರ್ಥ. ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿದವನಿಗೆ, ಯಾರಿಗಾದರೂ ದಾರಿ ಸರಿಯಾಗಿ ಹೇಳದೆ ಕಳಿಸುವುದೆಂದರೆ ಪಾಪ ಮಾಡಿದಷ್ಟೇ ಸಂಕಟ. ಭಾನುವಾರಗಳಲ್ಲಿ ಮೈದಾನದ ಹೊರಊರಿನವರ ಗೇಟಿನಲ್ಲಿ ನಿಂತು ಟಿಕೆಟು ಹರಿಯುವ ಕೆಲಸವನ್ನೂ ಅವನೇ ಕೇಳಿ ಪಡೆದಿದ್ದ.

ಹೆಂಡತಿ ದೆಲ್ಫಿನಾ ತೀರಿಹೋದಾಗ ಮಗಳು ಎಲ್ವೀರಾಗೆ ಹನ್ನೆರಡು ವರ್ಷ. ಆಮೇಲೆ ಮನೆಯಲ್ಲಿ ಇಬ್ಬರೇ. ಕ್ಲಬ್ಬಿನ ಹಳೇ ಟೈಪ್‌ರೈಟರಿನಲ್ಲಿ ಅಪ್ಪ ಹೇಳುವುದು, ಮಗಳು ಕುಟ್ಟುವುದು. ಪಾದ್ರಿಯ ಮಾತು, ಚೆಲೊಳ ಬಾಯಿಯ ಮಾತು, ಇವೆಲ್ಲ ಎಲ್ವೀರಾ ಸೇರಿಸಿದವು. ಅಪ್ಪ ಮೊದಲು ಗದರಿ, ಆಮೇಲೆ ನಕ್ಕು, ಇರಲಿ ಎಂದು ಬಿಟ್ಟಿದ್ದ. ಹಾಳೆ ಅವಳಿಗೆ ಬಾಯಿಪಾಠ. ಯಾವ ಸಾಲಿನ ನಂತರ ಯಾವುದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು.

ನಮ್ಮಲ್ಲಿ ಪಂದ್ಯದ ಮೊದಲು ಎರಡೂ ಊರಿನ ಅಭಿಮಾನಿ ಸಂಘದವರು ಒಂದೇ ಮೇಜಿನಲ್ಲಿ ಕೂತು ಊಟ ಮಾಡುವ ಪದ್ಧತಿ. ಎರಡು ಗಂಟೆಗೆ ಆಟ ಶುರುವಾದ ಮೇಲೆ ಬೇಕಾದಷ್ಟು ಕಿತ್ತಾಡಿ, ಊಟ ಮಾತ್ರ ಒಟ್ಟಿಗೆ. ಹಾಗೊಂದು ಊಟದಲ್ಲಿ, ವಾಲ್ದೆರ್ಮಾದಿಂದ ನಾಲ್ಕು ತಾಸು ಬಸ್ಸಿನಲ್ಲಿ ಬಂದಿದ್ದ ದಾಮಿಯಾನ್ ಎಂಬ ಡೋಲು ಬಡಿಯುವ ಹುಡುಗನಿಗೆ ಎಲ್ವೀರಾ ಸೂಪು ಬಡಿಸಿದಳು. ಮರುವರ್ಷವೂ ಬಡಿಸಿದಳು. ಮೂರನೆಯ ವರ್ಷ ಅವನನ್ನೇ ಮದುವೆಯಾಗುತ್ತೇನೆ ಎಂದಳು.

ಎವೆಲಿಯೊ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಎರಡು ತಿಂಗಳು ಮಗಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಬೇರೆ ಊರಿನ ಡೋಲು ಬಡಿಯುವವನಿಗೆ ಕೊಡಲಿಕ್ಕೆ ಮಗಳನ್ನು ಸಾಕಿದೆನೇ ಎಂದು ಚೆಲೊಳ ಅಂಗಡಿಯಲ್ಲಿ ಕೂಗಾಡಿದ. ನಿಜವಾದ ವಿಷಯ ಡೋಲೂ ಅಲ್ಲ, ಊರೂ ಅಲ್ಲ. ಮನೆಯಲ್ಲಿ ಒಬ್ಬನೇ ಉಳಿಯುವುದಕ್ಕೆ ಅವನಿಗೆ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಮಾತು. ಗಂಡಸರು ಇಂಥದ್ದನ್ನು ಹೇಳಿಕೊಳ್ಳದೆ ಇಡೀ ಮನೆ ಹಾಳುಮಾಡುತ್ತಾರೆ. ಮದುವೆ ವಾಲ್ದೆರ್ಮಾದಲ್ಲಿ ನಡೆಯಿತು. ಅಪ್ಪ ಹೋಗಲಿಲ್ಲ.

ಆ ಶರತ್ಕಾಲದಲ್ಲಿ ವಾಲ್ದೆರ್ಮಾದ ಬಸ್ಸು ಬಂದಾಗ ಎಲ್ವೀರಾ ಅದರಲ್ಲಿ ಇದ್ದಳು. ಕೊರಳಿಗೆ ಅವರ ತಂಡದ ಹಸಿರು ಶಾಲು. ಇಡೀ ಊರಿನ ಮುಂದೆ ಹೊರಊರಿನವರ ಸಾಲಿನಲ್ಲಿ ನಿಂತು, ಗೇಟಿಗೆ ಬಂದು, ನಗುತ್ತಾ ಅಪ್ಪನ ಕೈಗೆ ಟಿಕೆಟು ಕೊಟ್ಟಳು. ತಮಾಷೆ ಮಾಡಿ ರಾಜಿಯಾಗೋಣ ಎಂದು ಅವಳ ಲೆಕ್ಕಾಚಾರ ಇದ್ದಿರಬೇಕು. ಎವೆಲಿಯೊ ಟಿಕೆಟು ಹರಿದ. ಕಣ್ಣೆತ್ತದೆ, "ಹೊರಊರಿನವರು ಎಡಗಡೆ ಹೋಗ್ಬೇಕು" ಎಂದ. ಎಲ್ವೀರಾಳ ನಗು ನಿಂತಿತು. ಅವಳು ಎಡಗಡೆಗೆ ಹೋಗಿ ಪಾರಿವಾಳಗಳ ಕೆಳಗೆ ಕೂತಳು.

ಆ ಮಾತು ಬಾಯಿಂದ ಬಿದ್ದ ಕ್ಷಣದಲ್ಲೇ ಅವಳನ್ನು ವಾಪಸು ಕರೆಯಬೇಕೆಂದು ಅವನಿಗೆ ಅನಿಸಿತ್ತು. ಆದರೆ ಹಿಂದೆ ಇನ್ನೂ ನಲವತ್ತು ಜನ ಟಿಕೆಟು ಹಿಡಿದು ನಿಂತಿದ್ದರು. ಆಟ ಮುಗಿದು ಅವನು ಕೆಳಗಿನ ಚೌಕಕ್ಕೆ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಮುಂದಿನ ವಾರವೇ ಅವನು ಆ ಗೇಟು ಬಿಟ್ಟು ನಮ್ಮೂರಿನವರು ಒಳಬರುವ ದೊಡ್ಡ ಗೇಟಿಗೆ ವರ್ಗ ಮಾಡಿಸಿಕೊಂಡ.

ಅದೇ ಚಳಿಗಾಲದಲ್ಲಿ ಇನ್ನೊಂದು ನಡೆಯಿತು. ಬಾರ್ಸೆನಿಯಾ ಎಂಬ ಊರಿನಿಂದ ಬಂದ ನಾಲ್ಕು ಹುಡುಗರು ಪಂದ್ಯ ಗೆದ್ದ ಅಮಲಿನಲ್ಲಿ ಹಾಡುತ್ತಾ ಮೇಲ್ಗೇರಿಗೆ ಹತ್ತಿದರು. ಮೇಲ್ಗೇರಿ ಆಗ ಗಣಿಯ ಹುಡುಗರ ಕೇರಿ, ಎಲ್ಲರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ನಾಲ್ವರಲ್ಲಿ ಇಬ್ಬರು ತಲೆ ಒಡೆಸಿಕೊಂಡು ಆಸ್ಪತ್ರೆ ಸೇರಿದರು. ಸೂಚನೆಯಲ್ಲಿ ಇದನ್ನೊಂದು ಸೇರಿಸಯ್ಯ ಎಂದು ಠಾಣೆಯವರು ಎವೆಲಿಯೊಗೆ ಹೇಳಿದರು. ಎವೆಲಿಯೊ ಒಂದೊಂದೇ ಬೆರಳಿನಲ್ಲಿ ಕುಟ್ಟಿ, ಹಾಳೆಯ ಕೊನೆಗೆ ಹೊಸ ಸಾಲು ಹಾಕಿದ: ಪಂದ್ಯ ಮುಗಿದ ಮೇಲೆ ಹೊರಊರಿನಿಂದ ಬಂದವರು ಯಾವ ಕಾರಣಕ್ಕೂ ಮೇಲ್ಗೇರಿಗೆ ಬರಬಾರದು, ಬಸ್ಸು ಅರ್ಧ ಗಂಟೆಯಲ್ಲಿ ಹೊರಡುತ್ತದೆ. ಯಾರೂ ನೋಡದೆ ಬಿಡಬಾರದು ಎಂದು ಸ್ಕೇಲು ಇಟ್ಟು ಅಡಿಗೆರೆಯನ್ನೂ ಎಳೆದ. ಅಂದಿನಿಂದ ಅದೇ ಹಾಳೆ. ಪ್ರತಿವರ್ಷ ದಿನಾಂಕ ಬದಲಿಸಿ ಪ್ರತಿ ತೆಗೆಯುವುದಷ್ಟೇ.

ಎವೆಲಿಯೊನ ಮನೆ ಮೇಲ್ಗೇರಿಯಲ್ಲಿತ್ತು.

ಮರುವರ್ಷ ಚೆಲೊ ಬಂದು ಸುದ್ದಿ ಹೇಳಿದಳು. ಎಲ್ವೀರಾ ಬಂದಿದ್ದಳಂತೆ, ಅವಳ ಅಂಗಡಿಯಲ್ಲೇ ಊಟ ಮಾಡಿ, ಅಪ್ಪನ ಮಂಡಿನೋವು ಹೇಗಿದೆ ಎಂದು ಕೇಳಿದಳಂತೆ. ಅವನ ಎದೆ ಹಗುರಾಯಿತು. ಮಗಳು ಬರುತ್ತಾಳೆ ಎಂದಾದರೆ ಮನೆಗೂ ಒಂದು ದಿನ ಬಂದೇ ಬರುತ್ತಾಳೆ. ಅದರ ಮುಂದಿನ ವರ್ಷದಿಂದ, ವಾಲ್ದೆರ್ಮಾ ಆಡುವ ಭಾನುವಾರ ಎವೆಲಿಯೊ ಅರ್ಧ ಆಟಕ್ಕೇ ಗೇಟು ಬಿಟ್ಟು ಮನೆಗೆ ಹತ್ತತೊಡಗಿದ. ಒಲೆ ಹಚ್ಚಿ, ಅವಳಿಗೆ ಇಷ್ಟವಾದ ಕೆಂಪು ದೊಣ್ಣೆಮೆಣಸಿನಕಾಯಿಗಳನ್ನು ಒಲೆಯ ತಗಡಿನ ಮೇಲೆ ಸುಟ್ಟು, ಸಿಪ್ಪೆ ಬಿಡಿಸಿ, ಎಣ್ಣೆ ಬೆಳ್ಳುಳ್ಳಿ ಹಾಕಿ, ಎರಡು ತಟ್ಟೆ ಇಟ್ಟು, ಬಾಗಿಲು ಅರ್ಧ ತೆರೆದು ಕೂರುತ್ತಿದ್ದ. ಅರ್ಧ ಗಂಟೆ. ಆಮೇಲೆ ಕೆಳಗಿನಿಂದ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಒಂದು ತಟ್ಟೆ ಎತ್ತಿ ಒಳಗಿಡುತ್ತಿದ್ದ.

ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಚೆಲೊಗೂ ಹೇಳಿರಲಿಲ್ಲ, ಹೇಳಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು ಎಂಬುದೇ ಅವನ ದೊಡ್ಡ ಚಿಂತೆ. ಫೋನು ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಎರಡೂ ಮನೆಯಲ್ಲಿ ಇತ್ತು. ಎತ್ತಲಿಲ್ಲ, ಅಷ್ಟೇ. ಹಠದಲ್ಲಿ ಅವಳು ಅಪ್ಪನ ಮಗಳೇ.

ಒಂದು ಸಲ ಚೆಲೊ ತಡೆಯಲಾರದೆ ಅವನ ಮುಂದೆ ಗ್ಲಾಸು ಕುಕ್ಕಿದಳು. "ಮೇಲೆ ಹೋಗಿ ಬಾರೇ ಅಂದ್ರೆ, ಅಪ್ಪ ಬರಬೇಡ ಅಂದಿದಾರೆ ಅಂತಾಳೆ ನಿನ್ ಮಗಳು. ಏನಯ್ಯ ಅಂದಿದ್ದೆ ಅವಳಿಗೆ?"

"ಗೇಟಲ್ಲಿ ಅಂದಿದ್ದು. ಒಂದಿನದ ಸಿಟ್ಟು. ಅದನ್ನೇ ಹಿಡ್ಕೊಂಡು ಕೂತಿದಾಳಲ್ಲ," ಎಂದ ಎವೆಲಿಯೊ. ಅವಳೂ ಸ್ವಲ್ಪ ಬಗ್ಗಲಿ ಎಂದು ಮನಸ್ಸಿನಲ್ಲಿ ಅಂದುಕೊಂಡ. ಚೆಲೊ ತಲೆ ಚಚ್ಚಿಕೊಂಡು ಒಳಗೆ ಹೋದಳು. ಅವಳ ಕಟ್ಟೆಯ ಮೇಲೆಯೇ ಆ ಹಾಳೆಗಳ ಒಂದು ಕಟ್ಟು ಸದಾ ಬಿದ್ದಿರುತ್ತಿತ್ತು. ಅವಳೂ ಊರಿನವಳಲ್ಲವೇ, ಒಂದು ದಿನವೂ ಓದಿರಲಿಲ್ಲ.

ವರ್ಷಗಳು ಹೋದವು. ಗಣಿ ಮುಚ್ಚಿತು. ಸಿಟ್ಟಿನ ಹುಡುಗರು ಮಡ್ರಿಡ್ಡಿಗೆ, ಬಾರ್ಸಿಲೋನಾಗೆ ಕೆಲಸ ಹುಡುಕಿಕೊಂಡು ಹೋದರು. ಮೇಲ್ಗೇರಿಯಲ್ಲಿ ಹೊಗೆಯಾಡುವ ಮನೆಗಳು ಹನ್ನೊಂದಕ್ಕೆ ಇಳಿದವು, ಆಮೇಲೆ ನಾಲ್ಕಕ್ಕೆ. ಕ್ಲಬ್ಬಿನ ಹೊಸ ಕಾರ್ಯದರ್ಶಿ, ಈಗ ಎಲ್ಲ ಫೋನಿನಲ್ಲೇ ಸಿಗುತ್ತದೆ, ನಿಮ್ಮ ಹಾಳೆ ಯಾರಿಗೆ ಬೇಕು ಎಂದು ಮೃದುವಾಗಿಯೇ ಕೇಳಿದ. ಪಾರಿವಾಳ ಎಲ್ಲಿ ಹಿಕ್ಕೆ ಹಾಕುತ್ತೆ ಅಂತ ನಿನ್ನ ಫೋನು ಹೇಳುತ್ತೇನೋ ಎಂದು ಎವೆಲಿಯೊ ತಿರುಗಿ ಕೇಳಿದ. ಹಾಳೆ ನಿಲ್ಲಲಿಲ್ಲ. ವಾಲ್ದೆರ್ಮಾ ಕೆಲವು ವರ್ಷ ಕೆಳಗಿನ ದರ್ಜೆಗೆ ಬಿದ್ದು ಬರಲಿಲ್ಲ, ಮತ್ತೆ ಮೇಲೆದ್ದು ಬಂತು. ಒಟ್ಟು ಹದಿನೇಳು ಸಲ ಎವೆಲಿಯೊ ಎರಡು ತಟ್ಟೆ ಇಟ್ಟ.

ಹದಿನೆಂಟನೆಯ ಸಲ ಅವನಿಗೆ ಎಪ್ಪತ್ತೆಂಟು. ಗೇಟಿನ ಕೆಲಸ ಬಿಟ್ಟಾಗಿತ್ತು. ಅಕ್ಟೋಬರಿನ ಭಾನುವಾರ, ಹಿತವಾದ ಬಿಸಿಲು. ಮಂಡಿ ಕೈಕೊಟ್ಟಿದ್ದರಿಂದ ಅವನು ಮೈದಾನಕ್ಕೇ ಇಳಿದಿರಲಿಲ್ಲ. ಈ ಸಲ ಅವಳು ಬರದಿದ್ದರೆ ಮುಂದಿನ ವಾರ ತಾನೇ ಬಸ್ಸು ಹತ್ತಿ ಹೋಗುವುದೆಂದು ನಿರ್ಧರಿಸಿದ್ದ. ಹಾಗೆ ಹಿಂದೆಯೂ ನಾಲ್ಕೈದು ಸಲ ನಿರ್ಧರಿಸಿದ್ದುಂಟು. ಮೆಣಸಿನಕಾಯಿ ಸುಟ್ಟು ಮುಗಿಸುವ ಹೊತ್ತಿಗೆ ಕೆಳಗೆ ಆಟ ಮುಗಿದ ಗದ್ದಲ ಕೇಳಿತು. ಕೈ ತೊಳೆದು, ಅಂಗಿ ಬದಲಿಸಿ ಕೂತ.

ಬೀದಿಯ ಕಲ್ಲುಗಳ ಮೇಲೆ ಹೆಜ್ಜೆಯ ಸದ್ದು ಬಂತು. ಹೆಜ್ಜೆ ಬಾಗಿಲ ಬಳಿ ನಿಂತಿತು. ಎವೆಲಿಯೊ ಏಳಲು ಹೋಗಿ ಮೇಜು ಹಿಡಿದುಕೊಂಡ. ಹೇಗೆ ಮಾತು ಶುರುಮಾಡುವುದು ಎಂದು ಇಷ್ಟು ವರ್ಷ ಯೋಚಿಸಿದ್ದೆಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು. "ಬಾಗಿಲು ತೆಗೆದೇ ಇದೆ," ಎಂದಷ್ಟೇ ಹೇಳಿದ.

ಒಳಗೆ ಬಂದದ್ದು ದಾಮಿಯಾನ್. ಕೂದಲೆಲ್ಲ ಬಿಳಿ, ಕೊರಳಲ್ಲಿ ಹಸಿರು ಶಾಲು ಇಲ್ಲ, ತೋಳಿಗೆ ಶೋಕದ ಕಪ್ಪು ಪಟ್ಟಿ. ಅವನು ಮೊದಲು ನೋಡಿದ್ದು ಮೇಜಿನ ಮೇಲಿನ ಎರಡು ತಟ್ಟೆಗಳನ್ನು. ಯಾರೋ ಬರೋರಿದ್ದಾರೇನೋ, ನಾನು ಆಮೇಲೆ ಬರ್ತೀನಿ ಎಂದು ಹಿಂದೆ ಸರಿದ. ಎವೆಲಿಯೊ ಆ ಪಟ್ಟಿಯನ್ನೇ ನೋಡುತ್ತಿದ್ದ. ಇಪ್ಪತ್ತೆಂಟು ವರ್ಷ ಖಾಲಿ ಮೊಳೆಗಳನ್ನು ನೋಡಿದವನಿಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಯಾವಾಗ?" ಎಂದ.

"ಮಾರ್ಚಲ್ಲಿ. ಶ್ವಾಸಕೋಶ. ಮೂರೇ ತಿಂಗಳಲ್ಲಿ ಎಲ್ಲಾ ಮುಗಿದುಹೋಯ್ತು," ಎಂದ ದಾಮಿಯಾನ್. "ಅಪ್ಪನಿಗೆ ಹೇಳಿ ಕಳಿಸ್ಲೇನೇ ಅಂದೆ. ಅವರಾಗಿ ಕರೀದೆ ನಾವು ತೊಂದರೆ ಕೊಡೋದು ಬೇಡ ಅಂದ್ಲು."

ಎವೆಲಿಯೊ ಅಳಲಿಲ್ಲ. ಮೊದಲು ಬಂದದ್ದು ಸಿಟ್ಟು. ಇಷ್ಟು ಸಲ ಚೆಲೊಳ ಅಂಗಡಿಯವರೆಗೆ ಬಂದವಳಿಗೆ ಇನ್ನು ನಾಲ್ಕು ಮೆಟ್ಟಿಲು ಹತ್ತಲಿಕ್ಕೆ ಆಗಲಿಲ್ಲವೇ, ಇದೇ ಮನೆಯಲ್ಲಿ ಹುಟ್ಟಿದವಳಿಗೆ ಕರೆಯೋಲೆ ಕೊಡಬೇಕಿತ್ತೇ, ಎಂದು ಬೈಯತೊಡಗಿದ. ಸತ್ತ ಮಗಳನ್ನೇ ಬೈದ. ದಾಮಿಯಾನ್ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ನೀವೇ ಬರಬೇಡಿ ಅಂತ ಬರೆದ್ರಲ್ಲ. ಅಡಿಗೆರೆ ಬೇರೆ ಹಾಕಿ," ಎಂದ. "ಮದುವೆಯಾದ ಮರುವರ್ಷ ಬಸ್ಸಲ್ಲಿ ಹಾಳೆ ಕೊಟ್ರು. ಓದ್ತಾ ಓದ್ತಾ ನಗ್ತಿದ್ಲು, ಇದು ನಾನು ಬರೆದಿದ್ದು, ಇದು ನಾನು ಬರೆದಿದ್ದು ಅಂತ. ಕೊನೆ ಸಾಲಿಗೆ ಬಂದು ಸುಮ್ಮನಾದ್ಲು. ಇದು ನನ್ನ ಕಾಲದಲ್ಲಿ ಇರ್ಲಿಲ್ಲ, ಅಪ್ಪ ನನಗೋಸ್ಕರ ಹಾಕಿದಾರೆ ಅಂದ್ಲು."

ಎವೆಲಿಯೊ ಹಾಳೆಯನ್ನು ಕಣ್ಣಿನ ಹತ್ತಿರ ತಂದ. ತಾನೇ ಕುಟ್ಟಿದ ಸಾಲನ್ನು ಓದಿದ. ಇಷ್ಟು ವರ್ಷದಲ್ಲಿ ಅದನ್ನು ಅವಳ ಕಣ್ಣಿನಿಂದ ಅವನು ಓದಿದ್ದು ಅದೇ ಮೊದಲು. ಮಗಳು ಊರು ಬಿಟ್ಟ ವರ್ಷವೇ, ಮಗಳ ಊರಿನ ಬಸ್ಸಿಗೂ ಕಳಿಸಿದ ಹಾಳೆಯಲ್ಲಿ, ಹೊರಊರಿನಿಂದ ಬಂದವರು ಯಾವ ಕಾರಣಕ್ಕೂ ಮೇಲ್ಗೇರಿಗೆ ಬರಬಾರದು ಎಂದು ಬರೆದಿತ್ತು. ಗೇಟಿನಲ್ಲಿ ಅವಳನ್ನು ಹೊರಊರಿನವಳು ಎಂದವನೂ ಅವನೇ.

"ಇದು ಅವಳಿಗಲ್ಲ," ಎಂದ. ಬಾರ್ಸೆನಿಯಾದ ಹುಡುಗರು, ಒಡೆದ ತಲೆಗಳು, ಠಾಣೆಯವರು ಹೇಳಿದ್ದು, ಎಲ್ಲವನ್ನೂ ಹೇಳಿದ. ಹೇಳುತ್ತಾ ಹೋದ ಹಾಗೆ ಅವನ ಧ್ವನಿ ಇಳಿಯುತ್ತಾ ಹೋಯಿತು, ಏಕೆಂದರೆ ಎದುರಿಗಿದ್ದವನ ಮುಖ ಬಿಳಿಚಿಕೊಳ್ಳುತ್ತಿತ್ತು.

"ಚೆಲೊನೂ ಇದನ್ನೇ ಅಂದ್ರು ಈಗ," ಎಂದ ದಾಮಿಯಾನ್. "ಎಲ್ವೀರಾ ಎಲ್ಲಿ ಅಂತ ಕೇಳಿದ್ರು, ಹೇಳ್ದೆ. ಮೇಲೆ ಹೋಗಿ ನೀನೇ ತಿಳಿಸು ಅಂದ್ರು. ಬರಬಾರದು ಅಂತ ಇದೆಯಲ್ಲ ಅಂದೆ. ಎಲ್ಲಿದೆ ಅಂತ ಹಾಳೆ ಕಿತ್ಕೊಂಡು ಓದಿ, ಕುರ್ಚಿ ಮೇಲೆ ಕೂತ್ಬಿಟ್ರು. ನಾನು ನಂಬಲಿಲ್ಲ. ನಂಬೋಕೆ ಇಷ್ಟ ಇರ್ಲಿಲ್ಲ ಮಾವ. ಅಪ್ಪ ಅದನ್ನ ನಿಜವಾಗಿ ತನಗೇ ಬರೆದ್ರಾ ಅಂತ ಅವಳಿಗೆ ಆಮೇಲೆ ಅನುಮಾನ ಬಂದಿತ್ತು. ಹೋಗೇಬಿಡೋಣ, ಬೈದ್ರೆ ಬೈಸ್ಕೊಳ್ಳೋಣ ಅಂತ ಎರಡು ಸಲ ಎದ್ದಿದ್ಲು. ನಾನೇ ಕೈಹಿಡಿದು ನಿಲ್ಲಿಸಿದೆ. ಹಿರಿಯರು ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ಮರ್ಯಾದೆ ಕೊಡೋಣ ಅಂದೆ."

ಒಬ್ಬನ ತಪ್ಪು ದೊಡ್ಡದೋ ಇನ್ನೊಬ್ಬನದೋ ಎಂದು ಜಗಳವಾಡುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಮೆಣಸಿನಕಾಯಿಯ ತಟ್ಟೆಯಲ್ಲಿ ಎಣ್ಣೆ ತಣ್ಣಗಾಗಿತ್ತು. ದಾಮಿಯಾನ್‌ಗೆ ಈಗ ಆ ಎರಡನೆಯ ತಟ್ಟೆ ಯಾರದೆಂದು ತಿಳಿದಿರಬೇಕು, ಅವನು ಅತ್ತ ನೋಡಲಿಲ್ಲ.

"ಎಲ್ಲೀವರೆಗೆ ಬಂದಿದ್ಲು?" ಎಂದು ಕೇಳಿದ ಎವೆಲಿಯೊ. "ಎದ್ದಾಗ."

"ಎದ್ದಾಗಲ್ಲ, ಪ್ರತಿ ಸಲವೂ ಬರ್ತಿದ್ಲು. ಇಲ್ಲಿಂದ ಆರು ಬಾಗಿಲು ಕೆಳಗೆ ನೀರಿನ ತೊಟ್ಟಿ ಇದೆಯಲ್ಲ, ಅಲ್ಲೀವರೆಗೆ. ಮೇಲ್ಗೇರಿ ಅಲ್ಲಿಂದ ಶುರು ಆಗೋದು, ಇದು ಇನ್ನೂ ಕೆಳಗೇರಿನೇ, ಅಪ್ಪನ ಮಾತು ಮೀರಿದ ಹಾಗಾಗಲ್ಲ ಅಂತಿದ್ಲು."

ಎವೆಲಿಯೊ ಎದ್ದ. ಊರುಗೋಲು ಮರೆತ. ದಾಮಿಯಾನ್ ಅವನ ತೋಳು ಹಿಡಿದುಕೊಂಡು ಇಳಿಸಿದ. ಆರು ಬಾಗಿಲುಗಳಲ್ಲಿ ಐದು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬಂದರೆ ಬೈಯಲಿಕ್ಕೆ, ಹೊಡೆಯಲಿಕ್ಕೆ ಆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತೊಟ್ಟಿಯ ಕಲ್ಲಿನ ಅಂಚಿನಲ್ಲಿ ಅವಳು ಕೂರುತ್ತಿದ್ದ ಜಾಗವನ್ನು ದಾಮಿಯಾನ್ ತೋರಿಸಿದ. ಎವೆಲಿಯೊ ಅಲ್ಲೇ ಕೂತು ಮೇಲೆ ನೋಡಿದ. ಬೀದಿ ಅಲ್ಲಿ ತಿರುಗುತ್ತದೆ; ಹಳೆಯ ಬೇಕರಿಯ ಗೋಡೆ ಅಡ್ಡ ಬಂದು ಅವನ ಮನೆಯ ಬಾಗಿಲು ಅಲ್ಲಿಂದ ಕಾಣುವುದಿಲ್ಲ. ತೆರೆದಿಟ್ಟಿದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ಕಾಣುವುದು ಹೊಗೆಗೂಡು ಮಾತ್ರ.

"ಆ ಹೊಗೆ ನೋಡ್ತಾ ಕೂರೋಳು," ಎಂದ ದಾಮಿಯಾನ್. "ಅಪ್ಪ ಮನೇಲಿದಾರೆ, ಒಲೆ ಉರೀತಿದೆ, ಯಾರಿಗೋ ಮೆಣಸಿನಕಾಯಿ ಸುಡ್ತಿದಾರೆ, ವಾಸನೆ ಬರ್ತಿದೆ ನೋಡು ಅನ್ನೋಳು. ಒಬ್ಬರೇ ಇಲ್ಲವಲ್ಲ, ಯಾರೋ ಊಟಕ್ಕೆ ಬರೋರಿದಾರೆ, ಅಷ್ಟು ಸಾಕು ಅಂತ ಸಮಾಧಾನ ಪಟ್ಕೊಂಡು ಇಳಿಯೋಳು."

ಎವೆಲಿಯೊ ಮುಖ ಮುಚ್ಚಿಕೊಂಡು, ಮಗುವಿನಂತೆ ದನಿ ತೆಗೆದು ಅತ್ತ. ಕೆಳಗಿನ ಚೌಕದಲ್ಲಿ ವಾಲ್ದೆರ್ಮಾದ ಬಸ್ಸು ಹಾರ್ನ್ ಹಾಕಿತು, ಸ್ವಲ್ಪ ಬಿಟ್ಟು ಮತ್ತೊಮ್ಮೆ ಹಾಕಿತು. ದಾಮಿಯಾನ್ ಕದಲಲಿಲ್ಲ. ಮೇಲೆ, ಅವಳಿಗೆಂದು ಹಚ್ಚಿದ ಒಲೆಯ ಹೊಗೆ ಇನ್ನೂ ಏಳುತ್ತಿತ್ತು.